ಬಿಸಿಲೆಯ ಆಚೆ ತುದಿಯ ಜಾವಗಲ್: ಇಂಜಿನಿಯರ್ ಬೌಲರ್ ಶ್ರೀನಾಥ್

ನಮ್ಮ ಹಾಸನ ಜಿಲ್ಲೆಯ ಪಶ್ಚಿಮದ ತುದಿಯಲ್ಲಿದೆ ಬಿಸಿಲೆ. ಹೆಸರಲ್ಲಿ ಬಿಸಿಲಿದ್ದರೂ ಅಲ್ಲಿ ಹೆಚ್ಚಾಗಿ ಸಿಗೋದು ಮಳೆ, ಮಂಜು, ಇಂಬಳ. ಅಲ್ಲೇ ಮಂಕನಹಳ್ಳಿ ಹತ್ತಿರ ಒಂದು ಬೆಟ್ಟದ ಏಣು ಇದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತೆ, ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ. ಓದೋ ಆಡೋ ಅಂತ ಒದ್ದಾಡುವ ನಮ್ಮಂಥ ವಿದ್ಯಾರ್ಥಿಗಳು ನಿಂತಿರೋದೂ ಹೀಗೇ ಒಂದು ಏಣಿನ ಮೇಲೆ. ಹಾಗಾಗಿ ಈ ಸಂಚಿಕೆಯ ಪಾಠಕ್ಕೆ ಎರಡೂ ಕಡೆ ನಡೆದು ನೋಡಿದ ಒಬ್ಬ ಆಟಗಾರರನ್ನು ಆರಿಸಿಕೊಂಡಿದ್ದೇವೆ. ಅವರೇ ಜಾವಗಲ್ ಶ್ರೀನಾಥ್.

ಊರು ಮತ್ತು ಓದು

ಜಾವಗಲ್ ಇರೋದು ಇದೇ ಜಿಲ್ಲೆಯ ಇನ್ನೊಂದು ಬದಿಯಲ್ಲಿ, ಅರಸೀಕೆರೆ ತಾಲ್ಲೂಕಿನಲ್ಲಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರುವ ಬಯಲುಸೀಮೆಯ ಊರು. ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು ಮೈಸೂರಿನಲ್ಲಿ. ಆದರೆ ಊರ ಹೆಸರು ಅವರ ಜೊತೆಗೇ ಲಾರ್ಡ್ಸ್, ಬ್ರಿಸ್ಬೇನ್ ತನಕ ಹೋಯಿತು. ಮರಿಮಲ್ಲಪ್ಪ ಶಾಲೆಯಲ್ಲಿ ಓದಿ, ಮೈಸೂರಿನ ಎಸ್‌ಜೆಸಿಇ ಕಾಲೇಜಿನಲ್ಲಿ ಇನ್‌ಸ್ಟ್ರುಮೆಂಟೇಷನ್ ಇಂಜಿನಿಯರಿಂಗ್ ಪದವಿ ಪಡೆದರು. ಕ್ಲಬ್ ಪಂದ್ಯವೊಂದರಲ್ಲಿ ಅವರ ಬೌಲಿಂಗ್ ಗುರುತಿಸಿದವರು ಜಿ. ಆರ್. ವಿಶ್ವನಾಥ್. 1989-90ರಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್!

ಇಲ್ಲಿ ಒಂದು ಮಾತು. ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗನಿಗೆ ಕಾಲೇಜು ತಂಡವೇ ವೃತ್ತಿಯ ಮೆಟ್ಟಿಲು. ಕಾಲೇಜಿನಲ್ಲಿ ಚೆನ್ನಾಗಿ ಆಡಿದವರನ್ನು ಎನ್‌ಬಿಎ ತಂಡಗಳು ಡ್ರಾಫ್ಟ್‌ನಲ್ಲಿ ಆರಿಸಿಕೊಳ್ಳುತ್ತವೆ. ನಮ್ಮಲ್ಲಿ ಕಾಲೇಜು ಒಂದು ದಾರಿ, ಆಟ ಇನ್ನೊಂದು ದಾರಿ. ಇಂಟರ್ನಲ್ಸ್ ಮತ್ತು ಪಂದ್ಯ ಒಂದೇ ದಿನ ಬಂದರೆ ಯಾವುದನ್ನು ಬಿಡಬೇಕು ಅನ್ನೋದು ಹುಡುಗರ ತಲೆನೋವು. ಹಾಗಿದ್ದೂ ಮೈಸೂರಿನಿಂದ ಇವರು, ಬೆಂಗಳೂರಿನ ಆರ್‌ವಿ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಿಂದ ಅನಿಲ್ ಕುಂಬ್ಳೆ, ಇಬ್ಬರು ಇಂಜಿನಿಯರುಗಳು ಒಟ್ಟಿಗೆ ಭಾರತ ತಂಡದ ಬೌಲಿಂಗ್ ಹೊತ್ತರು.

ಕಾಯುವುದೂ ಆಟವೇ

1991ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಮೊದಲ ಏಕದಿನ ಪಂದ್ಯ, ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್. ಇನ್ನೇನು, ಜಾಗ ಗಟ್ಟಿಯಾಯ್ತು ಅಂತೀರಾ? ಇಲ್ಲ. ಆಗ ತವರಿನ ಪಿಚ್‌ಗಳಲ್ಲಿ ಮೂವರು ಸ್ಪಿನ್ನರುಗಳನ್ನು ಆಡಿಸುತ್ತಿದ್ದರು, ವೇಗಕ್ಕೆ ಕಪಿಲ್ ದೇವ್ ಇದ್ದರು. ಶ್ರೀನಾಥ್‌ಗೆ ಭಾರತದ ನೆಲದಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು ಕಪಿಲ್ ನಿವೃತ್ತಿಯಾದ ಮೇಲೆ, 1994ರ ನವೆಂಬರ್‌ನಲ್ಲಿ, ಮುಂಬೈನಲ್ಲಿ. ಅಂದರೆ ಬರೋಬ್ಬರಿ ಮೂರು ವರ್ಷದ ಕಾಯುವಿಕೆ. ವೇಗದ ಬೌಲರ್‌ಗೆ ಮೂರು ವರ್ಷ ಅಂದರೆ ಚಿಕ್ಕ ಅವಧಿಯಲ್ಲ, ಭುಜಕ್ಕೆ ಅತಿ ಹೆಚ್ಚು ಕಸುವಿರುವ ವಯಸ್ಸೇ ಅದು.

1996ರ ನವೆಂಬರ್‌ನಲ್ಲಿ ಅಹಮದಾಬಾದ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದದ್ದು 170 ರನ್. ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ಕಿತ್ತರು, ಎದುರಾಳಿ 105ಕ್ಕೆ ಆಲೌಟ್. ಅದಕ್ಕೆ ಒಂದು ತಿಂಗಳು ಮೊದಲು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ 216 ಗುರಿ, 164ಕ್ಕೆ 8 ವಿಕೆಟ್ ಹೋಗಿತ್ತು. ಆಗ ನಮ್ಮ ಇಬ್ಬರು ಇಂಜಿನಿಯರುಗಳೇ ಬ್ಯಾಟ್ ಹಿಡಿದು ಮುರಿಯದ 52 ರನ್ ಸೇರಿಸಿ ಗೆಲ್ಲಿಸಿದರು.

ಭುಜದ ಲೆಕ್ಕ

ಈಗ ಸ್ವಲ್ಪ ನಮ್ಮ ಸಿಲಬಸ್‌ಗೆ ಬರೋಣ. 1999ರ ವಿಶ್ವಕಪ್‌ನಲ್ಲಿ ಶ್ರೀನಾಥ್ ಎಸೆದ ಒಂದು ಚೆಂಡು ಗಂಟೆಗೆ 154.5 ಕಿ.ಮೀ. ವೇಗ ತೋರಿಸಿತ್ತು. 3.6ರಿಂದ ಭಾಗಿಸಿ, ಸೆಕೆಂಡಿಗೆ ಸುಮಾರು 42.9 ಮೀಟರ್. ಎರಡು ಪಾಪಿಂಗ್ ಕ್ರೀಸ್‌ಗಳ ನಡುವಿನ ಅಂತರ 17.68 ಮೀಟರ್. ಗಾಳಿಯ ತಡೆ, ಪುಟಿತದಲ್ಲಿ ಕಳೆಯುವ ವೇಗ ಎರಡನ್ನೂ ಬಿಟ್ಟರೆ ಬ್ಯಾಟ್ಸ್‌ಮನ್‌ಗೆ ಸಿಗೋದು 0.41 ಸೆಕೆಂಡ್. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಅನ್ನಿ.

ಅಷ್ಟು ವೇಗ ಕೊಟ್ಟ ತೋಳು ಚೆಂಡು ಬಿಟ್ಟ ಮೇಲೆ ನಿಲ್ಲಲೇಬೇಕಲ್ಲ? ಆ ಬ್ರೇಕ್ ಹಾಕುವ ಕೆಲಸದ ದೊಡ್ಡ ಪಾಲು ಭುಜದ ಸಂದಿಯನ್ನು ಹಿಡಿದಿಟ್ಟಿರುವ ರೊಟೇಟರ್ ಕಫ್ ಸ್ನಾಯುಗಳದು. ದಿನಕ್ಕೆ ಇಪ್ಪತ್ತು ಓವರ್ ಅಂದರೆ 120 ಸಲ ಬ್ರೇಕ್. ಲೋಹ ಮತ್ತೆ ಮತ್ತೆ ಭಾರ ಹೊತ್ತು ಬಿರುಕು ಬಿಡೋದನ್ನು ನಾವು ಫಟೀಗ್ ಅಂತ ಓದುತ್ತೇವೆ. ಮೈಯಲ್ಲೂ ಅಂಥದ್ದೇ ಆಗುತ್ತೆ. ಒಂದೇ ವ್ಯತ್ಯಾಸ ಅಂದರೆ, ವಿಶ್ರಾಂತಿ ಕೊಟ್ಟರೆ ಮೈ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತೆ, ಲೋಹಕ್ಕೆ ಅದಾಗೋದಿಲ್ಲ. 1997ರಲ್ಲಿ ಶ್ರೀನಾಥ್ ಭುಜ ಕೈಕೊಟ್ಟಿತು. ವೆಸ್ಟ್ ಇಂಡೀಸ್ ಸರಣಿ ತಪ್ಪಿತು, ಶಸ್ತ್ರಚಿಕಿತ್ಸೆ ಆಯಿತು. ವೃತ್ತಿ ಮುಗಿಯಿತು ಅಂದುಕೊಳ್ಳುವಂಥ ಹೊತ್ತು ಅದು. ಮೇಲಿನ 154.5 ಬಂದದ್ದು ಅದಾದ ಎರಡು ವರ್ಷಕ್ಕೆ ಅನ್ನೋದನ್ನು ಗಮನಿಸಿ.

ಅಂಕಿ ಹೇಳುವುದು, ಹೇಳದಿರುವುದು

67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್, ನಾಲ್ಕು ವಿಶ್ವಕಪ್. ಇದು ಅಂಕಿ ಹೇಳುವ ಕತೆ. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಒಂಬತ್ತು ವಿಕೆಟ್ ತೆಗೆದಿದ್ದಾಗ ಇನ್ನೊಂದು ತುದಿಯಿಂದ ಬೌಲ್ ಮಾಡಿದ್ದು ಶ್ರೀನಾಥ್. ಗೆಳೆಯನಿಗೆ ಹತ್ತನೆಯದೂ ಸಿಗಲಿ ಅಂತ ಆಫ್ ಸ್ಟಂಪ್‌ನಿಂದ ಆಚೆಗೆ ಆಚೆಗೆ ಎಸೆದರು. ಅದೇ ತಿಂಗಳು ಕೋಲ್ಕತ್ತದಲ್ಲಿ ಅದೇ ಪಾಕಿಸ್ತಾನದ ವಿರುದ್ಧ ಅವರಿಗೇ 13 ವಿಕೆಟ್ ಸಿಕ್ಕಿತು. ಆದರೂ ಭಾರತ ಸೋತಿತು. ವಿಕೆಟ್ ಪಟ್ಟಿಯಲ್ಲಿ ಎರಡನೆಯದು ಕಾಣುತ್ತೆ, ಮೊದಲನೆಯದು ಕಾಣೋದಿಲ್ಲ. ತಂಡ ಅನ್ನೋದು ನಿಂತಿರೋದು ಆ ಕಾಣದ ಓವರ್ ಮೇಲೆ.

2002ರಲ್ಲಿ ಟೆಸ್ಟ್‌ಗೆ ವಿದಾಯ ಹೇಳಿದರೂ ನಾಯಕ ಗಂಗೂಲಿ ಕರೆದಾಗ ಮರಳಿ ಬಂದರು. 2003ರ ಮಾರ್ಚ್ 23ರ ವಿಶ್ವಕಪ್ ಫೈನಲ್ ಅವರ ಕೊನೆಯ ಪಂದ್ಯವಾಯಿತು. 10 ಓವರ್, 87 ರನ್, ವಿಕೆಟ್ ಇಲ್ಲ. ಎಲ್ಲರ ಕೊನೆಯ ದಿನವೂ ಹಾರ ತುರಾಯಿಯ ದಿನ ಆಗೋದಿಲ್ಲ.

ಆಮೇಲಿನ ಬದುಕು ನಮಗೆ ಇನ್ನೂ ಮುಖ್ಯ. 2006ರಲ್ಲಿ ಐಸಿಸಿ ಮ್ಯಾಚ್ ರೆಫರಿ ಆದರು. 2010ರಿಂದ ಮೂರು ವರ್ಷ ಕುಂಬ್ಳೆ ಅಧ್ಯಕ್ಷರಾಗಿದ್ದ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಕಾರ್ಯದರ್ಶಿ. ರೆಫರಿ ಮೈದಾನಕ್ಕೆ ಇಳಿಯೋದಿಲ್ಲ. ಪಿಚ್ ಹೇಗಿತ್ತು, ಓವರ್‌ಗಳು ಹೊತ್ತಿಗೆ ಸರಿಯಾಗಿ ಮುಗಿದವೇ, ಆಟಗಾರರ ನಡತೆ ಹೇಗಿತ್ತು ಅಂತ ಅಳೆದು ತೂಗಿ ತೀರ್ಪು ಕೊಡಬೇಕು. ಮೂವತ್ಮೂರಕ್ಕೇ ಆಟ ಮುಗಿದವರ ಮುಂದೆ ಅರ್ಧ ಆಯುಷ್ಯ ಬಾಕಿ ಇರುತ್ತೆ. ಆ ಅರ್ಧಕ್ಕೆ ಏನು ಅನ್ನೋದನ್ನು ಇಪ್ಪತ್ತರಲ್ಲೇ ಯೋಚಿಸಿದರೆ ಒಳ್ಳೆಯದು.

ನಮ್ಮ ಹಾಸ್ಟೆಲ್‌ನಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಓಡುವ ಗೆಳೆಯರಿಗೆ, ಆ ಗೆಳೆಯರಿಗೆ ನೋಟ್ಸ್ ಬರೆದಿಡುವ ಗೆಳತಿಯರಿಗೆ ಈ ಬರಹ. ಪುಸ್ತಕ ಮುಚ್ಚಬೇಡಿ, ಬೂಟನ್ನೂ ಬಿಚ್ಚಬೇಡಿ. ಭುಜಕ್ಕೆ ಮಾತ್ರ ವಿಶ್ರಾಂತಿ ಕೊಡಿ.