ಪಟ ತೆಗೆಯುವ ಕಸಬು: ಮನೆ, ದಾರಿ, ಮೈದಾನ



ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ಯಾಮೆರಾ ಇಂದು ಅಪರೂಪದ ವಸ್ತುವಲ್ಲ. ಫೋನಿನ ರೂಪದಲ್ಲಿ ಅದು ಬಹುಮಂದಿಯ ಕಿಸೆಗೆ ಬಂದಿದೆ. ಆದರೆ ನೇಗಿಲು ಇದ್ದ ಮಾತ್ರಕ್ಕೆ ಎಲ್ಲರೂ ಒಳ್ಳೆಯ ಬೇಸಾಯಗಾರರಾಗುವುದಿಲ್ಲ. ಕ್ಯಾಮೆರಾ ಇದ್ದ ಮಾತ್ರಕ್ಕೆ ಛಾಯಾಗ್ರಾಹಕರೂ ಆಗುವುದಿಲ್ಲ. ಅದು ಕಲಿತು ಮಾಡಬೇಕಾದ ಕಸಬು. ಕ್ರಮವಾಗಿ ಕಲಿತರೆ ಊರಿನಲ್ಲಿದ್ದುಕೊಂಡೇ ನಾಲ್ಕು ಕಾಸು ಸಂಪಾದಿಸಬಹುದು, ಊರಿಗೂ ಉಪಕಾರವಾಗುತ್ತದೆ.

ಆ ಉಪಕಾರ ಯಾವುದು? ನಿಮ್ಮ ಬೀದಿಯಲ್ಲಿ ಹಿರಿಯರು ತೀರಿಹೋದ ಮನೆಯವರನ್ನು ಕೇಳಿ ನೋಡಿ. ತಿಥಿಯ ದಿನ ಹೂವಿನ ಹಾರ ಹಾಕಲು ಪಟ ಹುಡುಕಿದಾಗ ಎಷ್ಟೋ ಮನೆಗಳಲ್ಲಿ ಸಿಗುವುದು ಗುರುತಿನ ಚೀಟಿಯ ಮಸುಕು ಮುಖ. ಇಲ್ಲವೆ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದ ತಲೆ. ಹೋದ ದಿನ ಮತ್ತೆ ಬರುವುದಿಲ್ಲ. ಆದ್ದರಿಂದ ಪಟ ತೆಗೆಯುವವರು ಮಾಡುವ ಕೆಲಸ ಚಿಕ್ಕದೆಂದು ಯಾರೂ ತಿಳಿಯಬಾರದು.

ಕಲಿಯುವವರ ಮುಂದೆ ಮೂರು ಬಗೆಯ ಕೆಲಸಗಳು ಬರುತ್ತವೆ. ಗಿರಾಕಿಗಾಗಿ ತೆಗೆಯುವುದು, ಊರೂರು ತಿರುಗಿ ತೆಗೆಯುವುದು, ಆಟದ ಮೈದಾನದಲ್ಲಿ ತೆಗೆಯುವುದು. ಮೊದಲನೆಯದು ಜವಾಬ್ದಾರಿಯನ್ನೂ, ಎರಡನೆಯದು ತಾಳ್ಮೆಯನ್ನೂ, ಮೂರನೆಯದು ಮುಂದಾಲೋಚನೆಯನ್ನೂ ಕಲಿಸುತ್ತವೆ. ಮೂರಕ್ಕೂ ಬುನಾದಿ ಬೆಳಕಿನ ಲೆಕ್ಕ. ಅದನ್ನು ಮೊದಲು ನೋಡೋಣ.

ಬೆಳಕಿನ ಲೆಕ್ಕ

ಕೆರೆಯ ತೂಬಿನಿಂದ ಗದ್ದೆಗೆ ನೀರು ಬಿಡುವುದು ನಿಮಗೆ ಗೊತ್ತು. ಗದ್ದೆ ನೆನೆಯುವುದು ಮೂರು ಸಂಗತಿಗಳಿಂದ: ತೂಬಿನ ಬಾಯಿ ಎಷ್ಟು ಅಗಲ, ಅದು ಎಷ್ಟು ಹೊತ್ತು ತೆರೆದಿತ್ತು, ಮಣ್ಣು ಎಷ್ಟು ಬೇಗ ನೀರು ಹೀರುತ್ತದೆ. ಕ್ಯಾಮೆರಾದಲ್ಲಿಯೂ ಹೀಗೆಯೇ. ಮಸೂರದ ಬಾಯಿಯ ಅಗಲವನ್ನು ‘ಎಫ್’ ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದು. ಬಾಯಿ ತೆರೆದಿರುವ ಹೊತ್ತಿಗೆ ಷಟರ್ ವೇಗ ಎಂದು ಹೆಸರು. ಬೆಳಕನ್ನು ಹೀರುವ ಗುಣಕ್ಕೆ ಐಎಸ್‌ಒ ಎನ್ನುತ್ತಾರೆ.

ಫಿಲ್ಮಿನ ಕಾಲದಿಂದ ಬಂದಿರುವ ಒಂದು ಸುಲಭ ಸೂತ್ರವಿದೆ. ಮೋಡವಿಲ್ಲದ ಬಿಸಿಲಿನಲ್ಲಿ ಎಫ್ 16 ಇಟ್ಟು, ಐಎಸ್‌ಒ 100 ಆಗಿದ್ದರೆ ಷಟರ್ ವೇಗವನ್ನು ಸೆಕೆಂಡಿನ 125ನೇ ಒಂದು ಭಾಗಕ್ಕೆ ಇಡಿ. ಪಟ ಸರಿಯಾಗಿ ಬರುತ್ತದೆ. ಬಾಯಿಯನ್ನು ಎಫ್ 8ಕ್ಕೆ ಹಿಗ್ಗಿಸಿದರೆ ನಾಲ್ಕು ಪಟ್ಟು ಬೆಳಕು ಬರುವುದರಿಂದ ಹೊತ್ತನ್ನು 500ನೇ ಒಂದು ಭಾಗಕ್ಕೆ ಇಳಿಸಬೇಕು. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ಮುಂದಿನ ಪಾಠ ಕಷ್ಟವಾಗದು. ಫೋನಿನಲ್ಲಿ ಮಸೂರದ ಬಾಯಿಯನ್ನು ಸಾಮಾನ್ಯವಾಗಿ ಬದಲಿಸಲಾಗದು. ಉಳಿದ ಎರಡನ್ನು ‘ಪ್ರೊ’ ಎಂಬ ವಿಧಾನದಲ್ಲಿ ಹಲವು ಫೋನುಗಳಲ್ಲಿ ಬದಲಿಸಬಹುದು.

ಬೆಳಕಿನ ಪ್ರಮಾಣ ತಿಳಿದರೆ ಸಾಲದು, ದಿಕ್ಕನ್ನೂ ತಿಳಿಯಬೇಕು. ನಡುಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕಣ್ಣಿನ ಗುಳಿಯನ್ನು ಕಪ್ಪಾಗಿಸುತ್ತದೆ. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಮುಖಕ್ಕೆ ಒಳ್ಳೆಯದು. ಮಧ್ಯಾಹ್ನವೇ ತೆಗೆಯಬೇಕಾಗಿ ಬಂದರೆ ಜಗಲಿಯ ನೆರಳಿಗೆ ಕರೆದುಕೊಂಡು ಹೋಗಿ. ಎದುರಿಗೆ ಒಂದು ಬಿಳಿ ಪಂಚೆಯನ್ನು ಹಿಡಿಸಿದರೆ ಅದರಿಂದ ಮರಳುವ ಬೆಳಕು ಮುಖವನ್ನು ತಿಳಿಯಾಗಿಸುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ಗಿರಾಕಿಯ ಕೆಲಸ

ಹಣ ಪಡೆದು ತೆಗೆಯುವ ಪಟ ನಿಮ್ಮದಲ್ಲ, ಗಿರಾಕಿಯದು. ಅವರಿಗೆ ಏನು ಬೇಕು ಎಂಬುದನ್ನು ಕೇಳಿ ಬರೆದುಕೊಳ್ಳುವುದು ಮೊದಲ ಕೆಲಸ. ದಿನ, ಹೊತ್ತು, ಎಷ್ಟು ಪಟ, ಯಾವ ಅಳತೆ, ಎಂದು ಕೊಡಬೇಕು, ಮುಂಗಡವೆಷ್ಟು, ಬಾಕಿಯೆಷ್ಟು, ಇವೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕತಕ್ಕದ್ದು. ನೆಂಟರ ಮನೆಯ ಕೆಲಸವಾದರೆ ಇದು ಇನ್ನೂ ಅಗತ್ಯ. ಬಾಯಿ ಮಾತಿನ ಲೆಕ್ಕದಿಂದ ದುಡ್ಡೂ ಹೋಗುತ್ತದೆ, ನೆಂಟಸ್ತಿಕೆಯೂ ಕೆಡುತ್ತದೆ.

ಮದುವೆಯಲ್ಲಿ ಧಾರೆ ಎರೆಯುವುದು, ತಾಳಿ ಕಟ್ಟುವುದು ಒಂದೇ ಸಲ. ‘ಇನ್ನೊಮ್ಮೆ ಕಟ್ಟಿ’ ಎಂದು ಹೇಳುವಂತಿಲ್ಲ. ಆದ್ದರಿಂದ ಹಿಂದಿನ ದಿನವೇ ಮನೆಯ ಹಿರಿಯರನ್ನೂ ಪುರೋಹಿತರನ್ನೂ ಕಂಡು ಶಾಸ್ತ್ರಗಳ ಕ್ರಮವನ್ನು ತಿಳಿದುಕೊಳ್ಳಿ. ಶಾಸ್ತ್ರ ಊರಿಂದೂರಿಗೆ, ಕುಲದಿಂದ ಕುಲಕ್ಕೆ ಬೇರೆ. ತುಂಬಿದ ಎರಡು ಬ್ಯಾಟರಿ, ಎರಡು ಕಾರ್ಡು ಜೊತೆಯಲ್ಲಿರಲಿ. ಧಾರೆಯ ಹೊತ್ತಿನಲ್ಲಿ ನೆಂಟರಿಗೆ ಬೆನ್ನು ತೋರಿಸಿ ಅಡ್ಡ ನಿಲ್ಲಬೇಡಿ. ಅವರು ಬಂದಿರುವುದು ಮದುವೆ ನೋಡಲು.

ಕೊಳ್ಳೇಗಾಲದ ಹೆಸರು ರೇಷ್ಮೆಯಿಂದ ದೂರ ದೂರ ಹೋಗಿದೆ. ಈಗ ಸೀರೆಯನ್ನು ಪಟದಲ್ಲಿ ನೋಡಿಯೇ ಕೊಳ್ಳುವವರು ಹೆಚ್ಚು. ಇಲ್ಲಿ ಕಲಿತವರಿಗೆ ಕೆಲಸವೂ ಇದೆ, ಎಚ್ಚರವೂ ಬೇಕು. ರೇಷ್ಮೆ ಎಳೆಯ ಅಡ್ಡಕೊಯ್ತ ಮುಮ್ಮೂಲೆಯಾಗಿರುವುದರಿಂದ ಅದು ಬೆಳಕನ್ನು ಗಾಜಿನ ಪಟ್ಟಕದಂತೆ ಚೆದುರಿಸಿ ಹೊಳೆಯುತ್ತದೆ. ಎದುರಿನಿಂದ ಫ್ಲಾಷ್ ಹೊಡೆದರೆ ಬಿಳಿಯ ಕಲೆ ಬೀಳುತ್ತದೆ, ಸೆರಗಿನ ಕುಸುರಿ ಕಾಣುವುದಿಲ್ಲ. ಸೀರೆಯನ್ನು ಬಾಗಿಲ ಬಳಿ ಹರಡಿ, ಬೆಳಕು ಒಂದು ಪಕ್ಕದಿಂದ ಬರುವಂತೆ ಮಾಡಿ. ಟ್ಯೂಬ್ ಲೈಟನ್ನು ಆರಿಸಿಬಿಡಿ. ಎರಡು ಬಗೆಯ ಬೆಳಕು ಬೆರೆತರೆ ಬಣ್ಣ ಕೆಡುತ್ತದೆ. ಮೊದಲ ಪಟದಲ್ಲಿ ಸೀರೆಯ ಮೇಲೆ ಒಂದು ಬಿಳಿ ಕಾಗದವಿಟ್ಟು ತೆಗೆಯಿರಿ. ಆಮೇಲೆ ಕಾಗದ ಬಿಳಿಯಾಗಿ ಕಾಣುವಂತೆ ತಿದ್ದಿದರೆ ಸೀರೆಯ ಬಣ್ಣವೂ ನಿಜವಾಗುತ್ತದೆ. ಪಟದಲ್ಲಿ ಅರಿಸಿನವಾಗಿ ಕಂಡ ಸೀರೆ ಮನೆಗೆ ಬಂದಾಗ ನಿಂಬೆ ಬಣ್ಣವಾಗಿದ್ದರೆ ಕೊಂಡವರು ಹಿಂದಿರುಗಿಸುತ್ತಾರೆ. ಆ ನಷ್ಟ ಬೀಳುವುದು ನೇಯ್ದವರ ಮೇಲೆ.

ಹಿರಿಯರ ಪಟ ತೆಗೆಯುವಾಗ ಫೋನನ್ನು ಮುಖದ ಹತ್ತಿರ ಹಿಡಿಯಬೇಡಿ. ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಕಾಣುತ್ತದೆ. ಐದಾರು ಅಡಿ ಹಿಂದೆ ಸರಿದು, ಎರಡು ಪಟ್ಟು ಹತ್ತಿರ ತರುವ ಮಸೂರವಿದ್ದರೆ ಅದನ್ನು ಬಳಸಿ. ಅವರು ದಿನವೂ ಕೂರುವ ಜಗಲಿಯಲ್ಲಿ, ದಿನವೂ ಉಡುವ ಬಟ್ಟೆಯಲ್ಲಿ ಒಂದು. ಅವರಿಷ್ಟದ ಬಟ್ಟೆಯಲ್ಲಿ ಒಂದು. ಅಚ್ಚು ಹಾಕಿಸಿದ ಪ್ರತಿಯನ್ನು ಕೈಗೆ ಕೊಡದೆ ಕೆಲಸ ಮುಗಿಯಿತೆನ್ನಬೇಡಿ.

ಊರಿನ ಗುಂಪು ಪಟದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಾರು ನಡುವೆ ಬಂದು ನಿಲ್ಲುತ್ತಾರೆ, ಯಾರು ತಾವಾಗಿ ಅಂಚಿಗೆ ಸರಿಯುತ್ತಾರೆ ಎಂಬುದನ್ನು ಗಮನಿಸಿ. ಸರಿದು ನಿಂತವರನ್ನು ಹೆಸರು ಹಿಡಿದು ಮುಂದಕ್ಕೆ ಕರೆಯಿರಿ. ಆ ಹೊತ್ತಿನಲ್ಲಿ ಎಲ್ಲರೂ ನಿಮ್ಮ ಮಾತು ಕೇಳುತ್ತಾರೆ. ಆ ಅಧಿಕಾರವನ್ನು ಒಳ್ಳೆಯದಕ್ಕೆ ಬಳಸಿ.

ದಾರಿಯಲ್ಲಿ

ಸುತ್ತಾಡಿ ಪಟ ತೆಗೆಯಲು ನಮ್ಮ ಸೀಮೆಯಷ್ಟು ಒಳ್ಳೆಯ ಪಾಠಶಾಲೆ ಬೇರೆ ಬೇಕಿಲ್ಲ. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳ ಸರಪಳಿಯಿದೆ. ಅದನ್ನು ಓರೆ ಬಿಸಿಲಿನಲ್ಲಿ ತೆಗೆದರೆ ಕೆತ್ತನೆಯ ಆಳ ಕಾಣುತ್ತದೆ, ನಡುಹಗಲಿನಲ್ಲಿ ತೆಗೆದರೆ ಚಪ್ಪಟೆಯಾಗುತ್ತದೆ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಹೊತ್ತಿಸುವಾಗ ಉರಿಯ ಮೇಲೆ ಬೆಳಕಿನ ಲೆಕ್ಕ ಹಾಕಿ. ಇಲ್ಲದಿದ್ದರೆ ಬೆಂಕಿ ಬರಿಯ ಬಿಳಿಯ ಮುದ್ದೆಯಾಗುತ್ತದೆ.

ಭರಚುಕ್ಕಿಯಲ್ಲಿ ಷಟರನ್ನು ಅರ್ಧ ಸೆಕೆಂಡು ತೆರೆದಿಟ್ಟರೆ ನೀರು ಹಾಲಿನ ಧಾರೆಯಂತೆ ಬರುತ್ತದೆ. ಅದಕ್ಕೆ ಮುಕ್ಕಾಲಿ ಬೇಕು. ಸಾವಿರದ ಒಂದು ಭಾಗದಲ್ಲಿ ತೆಗೆದರೆ ಹನಿಹನಿಯೂ ನಿಂತಂತೆ ಕಾಣುತ್ತದೆ. ಆದರೆ ಬಂಡೆಗಳ ಮೇಲೆ ಇಳಿಯಬೇಡಿ. ಪಾಚಿ ಜಾರುತ್ತದೆ. ಕೃಷ್ಣರಾಜಸಾಗರ ಮತ್ತು ಕಬಿನಿ ಅಣೆಕಟ್ಟೆಗಳೆರಡೂ ಮೇಲ್ಗಡೆ ಇರುವುದರಿಂದ ಅಲ್ಲಿ ನೀರು ಬಿಟ್ಟಾಗ ಇಲ್ಲಿ ಮಳೆಯಿಲ್ಲದಿದ್ದರೂ ಹೊಳೆ ಏರುತ್ತದೆ. ಹನೂರು ಕಡೆಯ ಹೊಗೇನಕಲ್ಲಿನಲ್ಲಿಯೂ ಇದೇ ಎಚ್ಚರಿಕೆ. ಯಾವ ಪಟವೂ ಒಂದು ಜೀವಕ್ಕೆ ಸಮನಲ್ಲ.

ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಈ ಕಾಡಿನ ದಾರಿಗಳಲ್ಲಿ ಗಾಡಿ ನಿಲ್ಲಿಸಿ ಇಳಿಯುವುದು, ಆನೆಯ ಮುಂದೆ ಫ್ಲಾಷ್ ಹೊಡೆಯುವುದು, ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು ಕೂಡದು. ಮರಿಯಿರುವ ಆನೆ ನಿಮ್ಮ ಉದ್ದೇಶವನ್ನು ವಿಚಾರಿಸುವುದಿಲ್ಲ.

ಬೆಟ್ಟದ ಸೋಲಿಗರು ರಂಗನಾಥನನ್ನು ತಮ್ಮ ಮನೆಯ ಹೆಣ್ಣು ಕುಸುಮಾಲೆಯನ್ನು ಮದುವೆಯಾದ ಬಾವ ಎಂದು ಭಾವಿಸುತ್ತಾರೆ. ಪೋಡುಗಳಿಗೆ ಹೋದವರು ನೆಂಟರ ಮನೆಗೆ ಹೋದವರಂತೆ ನಡೆದುಕೊಳ್ಳಬೇಕು. ಮೊದಲು ಮಾತು, ಆಮೇಲೆ ಕ್ಯಾಮೆರಾ. ‘ಬೇಡ’ ಎಂದರೆ ಬೇಡ. ಮಹದೇಶ್ವರ ಬೆಟ್ಟದ ದೀಪಾವಳಿ ಜಾತ್ರೆಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಕುಲದ ಹೆಣ್ಣುಮಕ್ಕಳು ಉಪವಾಸವಿದ್ದು ನೀರು ಹೊತ್ತು ಬರುತ್ತಾರೆ. ಅವರಿಗೆ ಅದು ಹರಕೆ, ನಮಗೆ ನೋಟ. ದಾರಿಗೆ ಅಡ್ಡ ಬರದೆ ಪಕ್ಕದಲ್ಲಿ ನಿಂತು ತೆಗೆಯಿರಿ. ಮಕ್ಕಳ ಪಟವನ್ನು ತಂದೆತಾಯಿಯರನ್ನು ಕೇಳದೆ ಎಲ್ಲಿಯೂ ಹಂಚಬೇಡಿ.

ಆಟದ ಮೈದಾನದಲ್ಲಿ

ಓಡುವವರು ಸೆಕೆಂಡಿಗೆ 7 ಮೀಟರ್ ಓಡುತ್ತಾರೆಂದು ಇಟ್ಟುಕೊಳ್ಳಿ. ಷಟರ್ 60ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಅವರು ಸುಮಾರು 12 ಸೆಂಟಿಮೀಟರ್ ಮುಂದೆ ಹೋಗಿರುತ್ತಾರೆ, ಮುಖ ಕದಡುತ್ತದೆ. ಸಾವಿರದ ಒಂದು ಭಾಗವಾದರೆ ಚಲನೆ 7 ಮಿಲಿಮೀಟರ್ ಮಾತ್ರ. ಪಟ ಚುರುಕಾಗಿ ಬರುತ್ತದೆ. ಸಂಜೆ ಬೆಳಕು ಕುಗ್ಗಿದಾಗ ವೇಗವನ್ನು ಇಳಿಸಬೇಡಿ, ಐಎಸ್‌ಒ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಚಿಂತೆಯಿಲ್ಲ. ಕದಡಿದ ಪಟವನ್ನು ಸರಿಪಡಿಸುವುದು ಕಷ್ಟ.

ವೇಗಕ್ಕಿಂತ ಮುಖ್ಯವಾದದ್ದು ಕೂರುವ ಜಾಗ. ಅದಕ್ಕೆ ಆಟದ ನಿಯಮ ಗೊತ್ತಿರಬೇಕು. ಶಾಲೆಗಳಲ್ಲಿ ಆಡುವ ಖೊ ಖೊ ಆಟದಲ್ಲಿ ಬೆನ್ನಟ್ಟುವವರು ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ, ನಡುಪಟ್ಟಿಯನ್ನು ದಾಟುವಂತಿಲ್ಲ. ಆದ್ದರಿಂದ ಕಂಬದ ಆಚೆ ಗೆರೆಯಿಂದ ದೂರ ಕುಳಿತವರಿಗೆ ಓಟಗಾರರು ತಾವಾಗಿಯೇ ಎದುರಿಗೆ ಬರುತ್ತಾರೆ. ಕಬಡ್ಡಿಯಲ್ಲಿ ದಾಳಿಗೆ 30 ಸೆಕೆಂಡು ಮಾತ್ರ. ದಾಳಿಗಾರರ ಮುಖ ಬೇಕಾದರೆ ಹಿಡಿಯುವ ತಂಡದ ಬೆನ್ನ ಹಿಂದೆ ಕೂರಿ; ನಡುಗೆರೆಗೆ ಕೈ ಚಾಚುವ ಕ್ಷಣ ಬೇಕಾದರೆ ಗೆರೆಯ ಪಕ್ಕಕ್ಕೆ ಬನ್ನಿ. ಎರಡೂ ಒಂದೇ ಜಾಗದಿಂದ ಸಿಗುವುದಿಲ್ಲ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿ. ಗೆದ್ದವರನ್ನು ಎಲ್ಲರೂ ತೆಗೆಯುತ್ತಾರೆ. ಸೋತವರ ಭುಜದ ಮೇಲೆ ಗೆಳೆಯರು ಕೈಯಿಡುವುದನ್ನೂ ಬಿಡಬೇಡಿ.

ಕಂಸಾಳೆಯ ಕುಣಿತ ಆಟವಲ್ಲದಿದ್ದರೂ ಅಭ್ಯಾಸಕ್ಕೆ ಬಹಳ ಒಳ್ಳೆಯದು. 500ನೇ ಒಂದು ಭಾಗದಲ್ಲಿ ಒಂದು, 30ನೇ ಒಂದು ಭಾಗದಲ್ಲಿ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ತಾಳ ನಿಲ್ಲುತ್ತದೆ, ಎರಡನೆಯದರಲ್ಲಿ ತಾಳದ ಗೆರೆ ಓಡುತ್ತದೆ.

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೊ ಖೊ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ನೆರೆಯ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು. ಇಂದು ನಿಮ್ಮ ಶಾಲೆಯ ಮಣ್ಣಿನಲ್ಲಿ ಓಡುತ್ತಿರುವ ಹುಡುಗಿ ನಾಳೆ ಎಲ್ಲಿರುತ್ತಾಳೆ ಎಂದು ಯಾರು ಬಲ್ಲರು? ಅವಳ ಮೊದಲ ಪಟ ನೀವು ತೆಗೆದದ್ದಾಗಿರಬಹುದು. ಹೆಸರು, ಶಾಲೆ, ದಿನಾಂಕವನ್ನು ಬರೆದಿಡಿ.

ಒಬ್ಬರ ಮಾದರಿ

ಟಿ. ಎಸ್. ಸತ್ಯನ್ 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಸೇರಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಚಿತ್ರಿಸಿದರು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಪಟಗಳ ಪ್ರದರ್ಶನ ವಿಶ್ವಸಂಸ್ಥೆಯಲ್ಲಿ ನಡೆಯಿತು. 1977ರಲ್ಲಿ ಪದ್ಮಶ್ರೀ ಬಂತು, 2009ರಲ್ಲಿ ತೀರಿಕೊಂಡರು. ಗಿರಾಕಿಯ ಕೆಲಸವನ್ನೂ ದೇಶ ಸುತ್ತುವ ಕೆಲಸವನ್ನೂ ಮಾಡಿದ ಅವರ ಕಣ್ಣು ಹೆಚ್ಚಾಗಿ ನೆಟ್ಟದ್ದು ಸಾಮಾನ್ಯ ಜನರ ಮೇಲೆ. ಕಾಲೇಜಿನಲ್ಲಿ ಕಲಿಯಬಯಸುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಛಾಯಾಚಿತ್ರಣವೂ ಒಂದು ವಿಷಯವಾಗಿದೆ.

ಜೋಪಾನ

ಬಿತ್ತನೆ ಬೀಜದಂತೆ ಪಟಗಳನ್ನು ಕಾಪಾಡಬೇಕು. ಎರಡು ಪ್ರತಿಗಳು ಎರಡು ಬೇರೆ ಜಾಗಗಳಲ್ಲಿರಲಿ. ಗಿರಾಕಿಗೆ ಕೆಲಸ ಒಪ್ಪಿಸುವವರೆಗೆ ಕಾರ್ಡನ್ನು ಅಳಿಸಬೇಡಿ. ವಾಟ್ಸಾಪಿನಲ್ಲಿ ಪಟವಾಗಿ ಕಳಿಸಿದ್ದು ಕುಗ್ಗಿರುತ್ತದೆ, ಮೂಲವನ್ನೇ ಇಟ್ಟುಕೊಳ್ಳಿ. 4 ಅಂಗುಲ ಅಗಲ 6 ಅಂಗುಲ ಉದ್ದದ ಒಳ್ಳೆಯ ಅಚ್ಚಿಗೆ 1200ಕ್ಕೆ 1800 ಚುಕ್ಕೆಗಳು ಬೇಕು.

ಅಭ್ಯಾಸ

1. ಒಬ್ಬರನ್ನೇ ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 5 ಗಂಟೆಗೆ ಒಂದೇ ಜಾಗದಲ್ಲಿ ಕೂರಿಸಿ ತೆಗೆದು ಹೋಲಿಸಿ.

2. ಶಾಲೆಯ ಕಬಡ್ಡಿ ಪಂದ್ಯವನ್ನು ಮೊದಲರ್ಧ ಒಂದು ಜಾಗದಿಂದ, ಎರಡನೆಯರ್ಧ ಇನ್ನೊಂದು ಜಾಗದಿಂದ ತೆಗೆದು, ಯಾವುದರಲ್ಲಿ ಹೆಚ್ಚು ಮುಖಗಳು ಕಂಡವು ಎಂದು ಎಣಿಸಿ.

3. ನಿಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದವರ ಪಟ್ಟಿ ಮಾಡಿ. ಯಾರ ಪಟ ಮನೆಯಲ್ಲಿಲ್ಲವೋ ಅವರ ಹೆಸರಿಗೆ ಗುರುತು ಹಾಕಿ. ಯುವಕ ಸಂಘ, ಮಹಿಳಾ ಸಂಘಗಳ ನೆರವಿನಿಂದ ಒಬ್ಬೊಬ್ಬರದನ್ನೂ ತೆಗೆದು, ಅಚ್ಚು ಹಾಕಿಸಿ, ಹಿಂದೆ ಹೆಸರು ಬರೆದು ಮನೆಗೆ ತಲುಪಿಸಿ.

ಮೂರನೆಯ ಅಭ್ಯಾಸವನ್ನು ಈ ತಿಂಗಳೇ ಮೊದಲು ಮಾಡಿ. ಉಳಿದೆರಡನ್ನು ಯಾವಾಗ ಬೇಕಾದರೂ ಮಾಡಬಹುದು.