ಸೀಟು ಸಿಕ್ಕಿತು, ಹಣ ಸಾಲದು: ಇನ್ನೊಮ್ಮೆ ಕೇಳುವುದು ಹೇಗೆ?



ಪುತ್ತೂರು, ಸುಳ್ಯ, ಕಡಬದ ನಮ್ಮ ಸಂಘಗಳಲ್ಲಿ ಬೀಡಿ ಕಟ್ಟುವ ತಾಯಂದಿರ ಮಕ್ಕಳೂ ಈಗ ಡಿಗ್ರಿ ಮುಗಿಸಿ ಎಂ.ಕಾಂ., ಎಂ.ಎಸ್ಸಿ., ಎಂ.ಎಸ್.ಡಬ್ಲ್ಯೂ. ಕಲಿಯಲು ಮಂಗಳೂರಿಗೆ, ಕೊಣಾಜೆಗೆ ಹೋಗುತ್ತಿದ್ದಾರೆ. ಸಂತೋಷದ ವಿಷಯ. ಆದರೆ ಸೀಟು ಸಿಕ್ಕಿದ ದಿನದ ಖುಷಿ ಫೀಸಿನ ಚೀಟಿ ಕೈಗೆ ಬರುವಾಗ ಅರ್ಧ ಇಳಿದಿರುತ್ತದೆ.

ಕಡಬ ಕಡೆಯ ಒಬ್ಬ ಸದಸ್ಯೆಯ ಮಗಳಿಗೆ ಖಾಸಗಿ ಕಾಲೇಜೊಂದರಲ್ಲಿ ಎಂ.ಕಾಂ. ಸೀಟು ಸಿಕ್ಕಿತು. ಫೀಸು 48,000 ರೂಪಾಯಿ. ಕಾಲೇಜಿನವರು ತಾವಾಗಿಯೇ 8,000 ಬಿಟ್ಟರು. ಮನೆಯಲ್ಲಿದ್ದದ್ದು 25,000. "ಅಷ್ಟು ಬಿಟ್ಟದ್ದೇ ದೊಡ್ಡದು, ಪುನಃ ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಸಿಸ್ಟರ್" ಎಂದು ತಾಯಿ ಸುಮ್ಮನಾದರು. ಸಂಘದ ಹಳೆಯ ಸಾಲ ಬಾಕಿ ಇದ್ದುದರಿಂದ ಅಲ್ಲಿಯೂ ಬಾಯಿ ಬಿಡಲಿಲ್ಲ. ನಮಗೆ ಗೊತ್ತಾಗುವಾಗ ಕೊನೆಯ ದಿನ ದಾಟಿತ್ತು. ಹುಡುಗಿ ಈಗ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಾಳೆ. ಕೆಲಸ ಕೆಟ್ಟದ್ದಲ್ಲ. ಆದರೆ ಸೀಟು ಹೋದದ್ದು 15,000 ರೂಪಾಯಿಗೆ. ಈ ಪಾಠವನ್ನು ನಾವು ಮೊದಲೇ ಮಾಡಬೇಕಿತ್ತು.

ನಮ್ಮ ಸಂಘದಲ್ಲೇ ನೋಡಿ. ಒಬ್ಬರು 20,000 ಸಾಲ ಕೇಳುತ್ತಾರೆ, ನಾವು 15,000 ಎನ್ನುತ್ತೇವೆ. ಅವರು ಎದ್ದು ನಿಂತು ಲೆಕ್ಕ ಹೇಳಿದರೆ ಎಷ್ಟೋ ಸಲ ತೀರ್ಮಾನ ಬದಲಾಗುತ್ತದೆ. ಕಾಲೇಜಿನಲ್ಲಿಯೂ ರಿಯಾಯಿತಿ ತೀರ್ಮಾನಿಸುವವರು ಮನುಷ್ಯರೇ. ಅವರ ಮುಂದೆ ಇರುವುದು ನಿಮ್ಮ ಅರ್ಜಿಯ ಒಂದು ಹಾಳೆ ಮಾತ್ರ. ಅದರಲ್ಲಿ ಇಲ್ಲದ್ದು ಅವರಿಗೆ ಹೇಗೆ ಗೊತ್ತಾಗಬೇಕು?

ಆದ್ದರಿಂದ ಎರಡನೇ ಸಲ ಕೇಳುವಾಗ ಹೊಸ ವಿಷಯ ಇರಬೇಕು. "ನಾವು ಬಡವರು" ಎಂದರೆ ಸಾಲದು. ಸುಳ್ಯದ ಕಡೆ ಹಳದಿ ಎಲೆ ರೋಗ ಬಂದ ಅಡಿಕೆ ತೋಟಗಳು ಎಷ್ಟಿವೆ! ಆದಾಯ ಪ್ರಮಾಣ ಪತ್ರದಲ್ಲಿ ತೋಟ ಚೆನ್ನಾಗಿದ್ದಾಗಿನ ಆದಾಯವೇ ಇರುತ್ತದೆ. ಎರಡು ವರ್ಷದ ಹಿಂದೆ ಅಡಿಕೆ ಮಾರಿದ ಕ್ಯಾಂಪ್ಕೊ ಚೀಟಿ, ಈ ವರ್ಷದ ಚೀಟಿ, ಎರಡನ್ನೂ ಅರ್ಜಿಗೆ ಪಿನ್ ಮಾಡಿ. ಮನೆಯಲ್ಲಿ ಕಾಯಿಲೆ ಇದ್ದರೆ ಆಸ್ಪತ್ರೆಯ ಬಿಲ್ಲು ಇಡಿ. ಕೊನೆಯ ಸೆಮಿಸ್ಟರಿನ ಒಳ್ಳೆಯ ಅಂಕ ಆಮೇಲೆ ಬಂದಿದ್ದರೆ ಅದನ್ನೂ ಇಡಿ. ಬೇರೆ ಕಾಲೇಜು ಹೆಚ್ಚು ಬಿಟ್ಟಿದ್ದರೆ ಆ ಪತ್ರ ತೋರಿಸಬಹುದು. ಇಲ್ಲದ ಪತ್ರವನ್ನು ಇದೆ ಎನ್ನಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಸತ್ಯವನ್ನೂ ಯಾರೂ ನಂಬುವುದಿಲ್ಲ.

ಇಷ್ಟೇ ಬೇಕು ಎಂದು ಅಂಕೆ ಹೇಳಿ. ಕೆಲವೊಮ್ಮೆ ಬೇಕಾದದ್ದು ರಿಯಾಯಿತಿಯಲ್ಲ, ಸಮಯ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಉಂಟು. ಅದಕ್ಕೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಬೀಡಿ ಗುರುತಿನ ಚೀಟಿ ಬೇಕು. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್.ಎಸ್.ಪಿ. ಪೋರ್ಟಲ್ ಉಂಟು. ಆದರೆ ಆ ಹಣ ಬರುವಾಗ ತಡವಾಗುತ್ತದೆ, ಫೀಸು ಮೊದಲೇ ಬೇಕು. ಅಂಥಲ್ಲಿ ಮೂರು ಕಂತು ಕೇಳುವುದು ಇಬ್ಬರಿಗೂ ಸುಲಭ.

ಒರಿಜಿನಲ್ ಅಂಕಪಟ್ಟಿ ಕೊಟ್ಟಾಗಿದೆ, ಇನ್ನು ಬಾಯಿ ತೆರೆಯುವ ಹಾಗಿಲ್ಲ ಎಂದು ಹಲವರು ಹೆದರುತ್ತಾರೆ. ಕಾಲೇಜುಗಳು ಒರಿಜಿನಲ್ ದಾಖಲೆಗಳನ್ನು ಪರಿಶೀಲಿಸಿ ಹಿಂದೆ ಕೊಡಬೇಕು, ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಪ್ರವೇಶದ ಕೊನೆಯ ದಿನಕ್ಕಿಂತ 15 ದಿನ ಅಥವಾ ಹೆಚ್ಚು ಮೊದಲು ಸೀಟು ಬಿಟ್ಟರೆ ಫೀಸು ಪೂರ್ತಿ ಹಿಂದಿರುಗಬೇಕು, ಹೆಚ್ಚೆಂದರೆ 5,000 ರೂಪಾಯಿ ಕಡಿತ ಎಂದೂ ಅದರಲ್ಲಿದೆ. ಜಗಳಕ್ಕಲ್ಲ, ಧೈರ್ಯಕ್ಕೆ ಇದು ಗೊತ್ತಿರಲಿ.

ಆಮೇಲೂ ಸಾಲದಿದ್ದರೆ ಬ್ಯಾಂಕ್. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಾಗದ ಪತ್ರ ಅಡವು ಕೇಳಬಾರದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಇದೆ. ಒಂದು ಶಾಖೆಯಲ್ಲಿ ನಮ್ಮ ಸದಸ್ಯೆಗೆ "ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಹಿಂದೆ ಕಳಿಸಿದ್ದರು. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಆದರೆ ಸಾಲ ಸಾಲವೇ, ಓದು ಮುಗಿದ ಮೇಲೆ ಬಡ್ಡಿ ಸೇರಿಸಿ ಕಟ್ಟಬೇಕು. ಅದಕ್ಕೇ ಕಾಲೇಜಿನಲ್ಲಿ ಮೊದಲು ಕೇಳಿ ಎನ್ನುವುದು.

ವಿದೇಶಕ್ಕೆ ಹೊರಟ ಮಕ್ಕಳೂ ಒಬ್ಬಿಬ್ಬರು ಇದ್ದಾರೆ. ಅಲ್ಲಿ ಹೀಗೆ ಪುನಃ ಕೇಳುವುದು ಮಾಮೂಲು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಧನಸಹಾಯದೊಂದಿಗೆ ಸೀಟು ಕೊಟ್ಟರೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ. ಅಷ್ಟರಲ್ಲಿ ವಿಭಾಗಕ್ಕೆ ವಿನಯದಿಂದ ಪತ್ರ ಬರೆಯಬಹುದು.

ಅರ್ಜಿ ಉದ್ದ ಬೇಡ. ಹೀಗಿದ್ದರೆ ಸಾಕು:

"ಮಾನ್ಯ ಪ್ರಾಂಶುಪಾಲರಿಗೆ, ನನಗೆ ಸೀಟನ್ನೂ 8,000 ರೂಪಾಯಿ ರಿಯಾಯಿತಿಯನ್ನೂ ಕೊಟ್ಟದ್ದಕ್ಕೆ ವಂದನೆಗಳು. ಈ ಕಾಲೇಜಿನಲ್ಲೇ ಓದಬೇಕೆಂಬುದು ನನ್ನ ಆಸೆ. ನಮ್ಮಿಂದ ಈಗ 25,000 ಕಟ್ಟಲು ಸಾಧ್ಯ. 15,000 ಕೊರತೆಯಿದೆ. ಕಾರಣದ ದಾಖಲೆಗಳನ್ನು ಲಗತ್ತಿಸಿದ್ದೇನೆ. ಇದರಲ್ಲಿ 7,000 ರಿಯಾಯಿತಿ ಕೊಟ್ಟು, ಉಳಿದ 8,000 ರೂಪಾಯಿಯನ್ನು ಎರಡು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕಾಗಿ ವಿನಂತಿ. ತೀರ್ಮಾನ ಆಗುವವರೆಗೆ ನನ್ನ ಸೀಟನ್ನು ಉಳಿಸಬೇಕಾಗಿ ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದಕ್ಕೆ ಕಚೇರಿಯ ಸೀಲು ಹಾಕಿಸಿ ನೀವೇ ಇಟ್ಟುಕೊಳ್ಳಿ. ಮಾತಾಡುವುದು ಮಗಳೇ ಆಗಲಿ, ತಾಯಿ ಪಕ್ಕದಲ್ಲಿರಲಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಸಂಘದ ಪ್ರತಿನಿಧಿ ಜೊತೆಗೆ ಬರಲಿ.

ಈ ವಾರದ ಸಭೆಯಲ್ಲಿ ಮಾಡಬೇಕಾದದ್ದು: ಮುಂದಿನ ಜೂನ್‌ನಲ್ಲಿ ಯಾರ ಮನೆಯ ಮಕ್ಕಳು ಡಿಗ್ರಿ ಮುಗಿಸುತ್ತಾರೆ ಎಂದು ಪಟ್ಟಿ ಮಾಡಿ. ಪ್ರತಿಯೊಬ್ಬರ ಫೀಸು, ಹಾಸ್ಟೆಲ್, ಬಸ್ಸಿನ ಖರ್ಚನ್ನು ನಿರ್ಣಯ ಪುಸ್ತಕದ ಕೊನೆಯ ಪುಟದಲ್ಲಿ ಬರೆಯಿರಿ. ಇಬ್ಬರು ಕಾಲೇಜಿನವರಾಗಿ ಕುಳಿತುಕೊಳ್ಳಲಿ, ಉಳಿದವರು ಒಬ್ಬೊಬ್ಬರಾಗಿ ಅವರ ಮುಂದೆ ಹೋಗಿ ಕೇಳಿ ನೋಡಲಿ.