ಬೊಗಳದ ನಾಯಿ ಕಡಲು ದಾಟಿದ ಕಥೆ

ಒಂದು ನಾಡಿನ ಗಿಡವನ್ನಾಗಲಿ ಪ್ರಾಣಿಯನ್ನಾಗಲಿ ಮತ್ತೊಂದು ನಾಡಿಗೆ ಒಯ್ದು ನೆಲೆಗೊಳಿಸುವುದು ಮಾನವನಿಗೆ ಬಹು ಹಿಂದಿನಿಂದ ಬಂದ ರೂಢಿ. ಹಾಗೆ ಒಯ್ದ ಜೀವಿ ಹೊಸ ನೆಲದಲ್ಲಿ ಬದುಕಿ, ಅದರ ಸಂತತಿ ನೂರಾಗಿ ಸಾವಿರವಾಗಿ ಹೆಚ್ಚಿತೆಂದರೆ ಕೆಲಸ ಕೈಗೂಡಿತೆಂದೇ ನಾವು ಭಾವಿಸುತ್ತೇವೆ. ಆದರೆ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಒಂದು ತಳಿ ಸುಭದ್ರವಾಯಿತೆಂದು ಹೇಳಬಹುದೆ? ಈ ಪ್ರಶ್ನೆಗೆ ಉತ್ತರವನ್ನು ಆಫ್ರಿಕದ ಬಸೆಂಜಿ ಎಂಬ ನಾಯಿಯ ಚರಿತ್ರೆ ಸೊಗಸಾಗಿ ಹೇಳುತ್ತದೆ.

ಸದ್ದಿಲ್ಲದ ಬೇಟೆಗಾರ

ಬಸೆಂಜಿಯ ತವರು ಮಧ್ಯ ಆಫ್ರಿಕದ ಕಾಂಗೋ ನದಿಯ ಸುತ್ತಣ ಸೀಮೆ. ಸುಮಾರು 43 ಸೆಂಟಿಮೀಟರ್ ಎತ್ತರ, 11 ಕಿಲೋಗ್ರಾಂ ತೂಕ, ನಿಮಿರಿದ ಕಿವಿ, ನೆರಿಗೆಗಟ್ಟಿದ ಹಣೆ, ಬೆನ್ನಿನ ಮೇಲೆ ಸುರುಳಿ ಸುತ್ತಿದ ಬಾಲ—ಇದು ಅದರ ರೂಪ. ಇತರ ನಾಯಿಗಳಂತೆ ಅದು ಬೊಗಳುವುದಿಲ್ಲ. ಹಾಗೆಂದು ಮೂಕಪ್ರಾಣಿಯೇನೂ ಅಲ್ಲ. ಗುರುಗುಟ್ಟುತ್ತದೆ, ಊಳಿಡುತ್ತದೆ, ಸಂತೋಷವಾದಾಗ ಏರಿಳಿಯುವ ವಿಚಿತ್ರ ರಾಗವೊಂದನ್ನು ಹೊರಡಿಸುತ್ತದೆ. ಬೇಟೆಯಲ್ಲಿ ಪ್ರಾಣಿಗಳನ್ನು ಬಲೆಯ ಕಡೆಗೆ ಅಟ್ಟುವುದು ಅದರ ಕೆಲಸ. ಸದ್ದುಮಾಡದ ಈ ನಾಯಿ ಪೊದೆಗಳ ನಡುವೆ ಎಲ್ಲಿದೆಯೆಂದು ತಿಳಿಯಲು ಬೇಟೆಗಾರರು ಅದರ ಕೊರಳಿಗೆ ಮರದ ಗಂಟೆಯನ್ನು ಕಟ್ಟುವುದುಂಟು. ಬಹುಪಾಲು ಸಾಕುನಾಯಿಗಳು ವರ್ಷಕ್ಕೆ ಎರಡು ಸಲ ಬೆದೆಗೆ ಬಂದರೆ ಬಸೆಂಜಿ ಸಾಮಾನ್ಯವಾಗಿ ಒಂದೇ ಸಲ ಬರುತ್ತದೆ.

ಕಡಲಾಚೆಯ ನೆಲೆ

1895ರಲ್ಲಿ ಒಂದು ಜೋಡಿ ಬಸೆಂಜಿಗಳನ್ನು ಇಂಗ್ಲೆಂಡಿಗೆ ತರಲಾಯಿತು. ನಾಯಿಗಳನ್ನು ಕಾಡುವ ಡಿಸ್ಟೆಂಪರ್ ಎಂಬ ವೈರಸ್ ರೋಗಕ್ಕೆ ಅವೆರಡೂ ಬಲಿಯಾದವು. 1923ರಲ್ಲಿ ಲೇಡಿ ಹೆಲೆನ್ ನಟಿಂಗ್ ಎಂಬಾಕೆ ಸೂಡಾನಿನಿಂದ ಆರು ನಾಯಿಗಳನ್ನು ತಂದರು. ಅದೇ ರೋಗವನ್ನು ತಡೆಯಲೆಂದು ಚುಚ್ಚಿದ ಮದ್ದೇ ಮಾರಕವಾಗಿ ಆ ಆರೂ ಸತ್ತವು. ನಂಬಲರ್ಹವಾದ ಲಸಿಕೆ ಆಗ ಇನ್ನೂ ಸಿದ್ಧವಾಗಿರಲಿಲ್ಲ.

ಮೂರನೆಯ ಯತ್ನ ಫಲಿಸಿತು. 1936ರಲ್ಲಿ ಒಲಿವಿಯ ಬರ್ನ್ ಎಂಬಾಕೆ ತಂದ ನಾಯಿಗಳು ಉಳಿದುಕೊಂಡವು. 1937ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಬೊಗಳದ ನಾಯಿಯನ್ನು ನೋಡಲು ಜನ ಮುಗಿಬಿದ್ದರು. ಅದೇ ವರ್ಷ ಅಮೆರಿಕಕ್ಕೆ ಹೋದ ಬಸೆಂಜಿಗಳ ಗುಂಪಿನಲ್ಲಿ ತಾಯಿಯೂ ಮರಿಗಳೂ ಡಿಸ್ಟೆಂಪರ್‌ಗೆ ತುತ್ತಾಗಿ, ಬೋಯಿಸ್ ಎಂಬ ಒಂದು ಗಂಡು ಮಾತ್ರ ಉಳಿಯಿತು. 1941ರಲ್ಲಿ ಪಶ್ಚಿಮ ಆಫ್ರಿಕದಿಂದ ಕಾಫಿಬೀಜ ಹೊತ್ತು ಬಾಸ್ಟನ್ನಿಗೆ ಬಂದ ಹಡಗಿನ ಒಡಲಲ್ಲಿ, ಯಾರೂ ತಂದಿರದ, ಎಲುಬು ಗೂಡಾಗಿದ್ದ ಒಂದು ಹೆಣ್ಣು ಬಸೆಂಜಿ ಸಿಕ್ಕಿತು. ಕಾಂಗೋ ಎಂದು ಹೆಸರು ಪಡೆದ ಆ ಹೆಣ್ಣನ್ನು ಬೋಯಿಸ್‌ನೊಡನೆ ಕೂಡಿಸಲಾಯಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದು ದೊಡ್ಡವಾದ ಮೊದಲ ಬಸೆಂಜಿ ಮರಿಗಳು ಆ ಸೂಲಿನವು. ಇಂಗ್ಲೆಂಡಿನಿಂದ ಕೆನಡಾಕ್ಕೆ ತರಿಸಿದ ಕೆಲವು ನಾಯಿಗಳೂ ಇವುಗಳ ಜೊತೆಗೂಡಿದವು. 1943ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಈ ತಳಿಯನ್ನು ಅಂಗೀಕರಿಸಿತು. 1956ರಲ್ಲಿ ತೆರೆಕಂಡ ‘ಗುಡ್‌ಬೈ, ಮೈ ಲೇಡಿ’ ಎಂಬ ಚಲನಚಿತ್ರ ಬಸೆಂಜಿಯನ್ನು ಮನೆಮಾತಾಗಿಸಿತು.

ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು. ಅಂಗೀಕೃತ ತಳಿಗೆ ಒಂದು ವಂಶಾವಳಿ ಪುಸ್ತಕವಿರುತ್ತದೆ. ತಂದೆತಾಯಿಗಳಿಬ್ಬರ ಹೆಸರೂ ಅದರಲ್ಲಿದ್ದರೆ ಮಾತ್ರ ಮರಿಗೆ ಪ್ರವೇಶ. ತಳಿಯ ಶುದ್ಧಿಯನ್ನು ಕಾಯುವ ಈ ನಿಯಮವೇ ಹೊಸ ರಕ್ತ ಒಳಬರುವ ಬಾಗಿಲನ್ನೂ ಮುಚ್ಚುತ್ತದೆ.

ಕಣಜ ಮತ್ತು ಹಿಡಿ

ಇದರ ಪರಿಣಾಮವೇನೆಂಬುದನ್ನು ಸುಲಭವಾದ ಲೆಕ್ಕದಿಂದ ತಿಳಿಯೋಣ. ಪ್ರತಿ ನಾಯಿಯೂ ಒಂದೊಂದು ವಂಶವಾಹಿಯ ಎರಡು ಪ್ರತಿಗಳನ್ನು, ತಂದೆಯಿಂದ ಒಂದು ತಾಯಿಯಿಂದ ಒಂದರಂತೆ, ಪಡೆದಿರುತ್ತದೆ. ಅನೇಕ ರೋಗಗಳಲ್ಲಿ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ರೋಗ ತೋರುತ್ತದೆ. ಒಂದೇ ಪ್ರತಿ ಕೆಟ್ಟಿರುವ ನಾಯಿ ಆರೋಗ್ಯವಾಗಿಯೇ ಇದ್ದು ದೋಷವನ್ನು ಮುಂದಿನ ಪೀಳಿಗೆಗೆ ಸಾಗಿಸುತ್ತದೆ. ಇದನ್ನು ವಾಹಕವೆನ್ನೋಣ. ಎರಡು ವಾಹಕಗಳು ಕೂಡಿದರೆ, ಮೆಂಡೆಲನ ನಿಯಮದಂತೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದಕ್ಕೆ ರೋಗ.

ತವರಿನಲ್ಲಿ ಇಂತಹ ದೋಷ 1000 ಪ್ರತಿಗಳಲ್ಲಿ 1ರಂತೆ ಇದೆಯೆಂದು ಭಾವಿಸಿ. ನಾಯಿಗಳು ಗೊತ್ತುಗುರಿಯಿಲ್ಲದೆ ಕೂಡುತ್ತಿದ್ದರೆ ಎರಡು ಕೆಟ್ಟ ಪ್ರತಿಗಳು ಒಂದೇ ಮರಿಯಲ್ಲಿ ಸೇರುವ ಸಂಭವ 1000 × 1000ಕ್ಕೆ 1, ಅಂದರೆ 10 ಲಕ್ಷಕ್ಕೆ 1. ರೋಗ ಕಣ್ಣಿಗೆ ಬೀಳುವುದೇ ಅಪರೂಪ. ಈಗ ಅಲ್ಲಿಂದ ಐದೇ ನಾಯಿಗಳನ್ನು ತಂದೆವೆನ್ನಿ. ಅವುಗಳಲ್ಲಿರುವುದು 10 ಪ್ರತಿಗಳು. ದುರದೃಷ್ಟದಿಂದ ಅವುಗಳಲ್ಲೊಂದು ನಾಯಿ ವಾಹಕವಾಗಿದ್ದರೆ ದೋಷದ ಪ್ರಮಾಣ ಒಮ್ಮೆಗೇ 10ಕ್ಕೆ 1ಕ್ಕೆ ಏರುತ್ತದೆ. ಆ ಪ್ರಮಾಣ ಹಾಗೆಯೇ ಉಳಿದರೆ ಸಂತತಿಯಲ್ಲಿ ರೋಗ 100ಕ್ಕೆ 1. ಎಂದರೆ ತವರಿಗಿಂತ ಹತ್ತು ಸಾವಿರ ಪಟ್ಟು ಹೆಚ್ಚು! ಕಣಜದ ರಾಶಿಯಲ್ಲಿ ಮರೆಯಾಗಿದ್ದ ಹುಳುಕು ಕಾಳೊಂದು ಬಿತ್ತನೆಗೆಂದು ತೆಗೆದ ಹಿಡಿಯಲ್ಲಿ ಬಂದಂತೆ ಇದು. ಆ ಹಿಡಿಯಿಂದ ಎಷ್ಟು ಖಂಡುಗ ಬೆಳೆದರೂ ಹಿಡಿಯಲ್ಲಿಲ್ಲದ ವೈವಿಧ್ಯ ಬೆಳೆಯಲ್ಲಿ ಬಾರದು.

ಎರಡು ರೋಗಗಳು

ಬಸೆಂಜಿಗೆ ಒದಗಿದ ವಿಪತ್ತು ಇದೇ ಬಗೆಯದು. ಮೊದಲು ಕಾಣಿಸಿಕೊಂಡುದು ಒಂದು ವಂಶಾನುಗತ ರಕ್ತಹೀನತೆ. ಕೆಂಪು ರಕ್ತಕಣಗಳಿಗೆ ಶಕ್ತಿಯೊದಗಿಸುವ ಪೈರುವೇಟ್ ಕೈನೇಸ್ ಎಂಬ ಕಿಣ್ವದ ಕೊರತೆಯಿಂದ ಕಣಗಳು ಬೇಗನೆ ಒಡೆದು ನಾಶವಾಗುತ್ತವೆ; ನಾಯಿ ಎಳೆಯ ವಯಸ್ಸಿನಲ್ಲೇ ಸಾಯುತ್ತದೆ. ವಾಹಕ ನಾಯಿಯಲ್ಲಿ ಈ ಕಿಣ್ವದ ಚಟುವಟಿಕೆ ಹೆಚ್ಚುಕಡಿಮೆ ಅರ್ಧದಷ್ಟಿರುವುದರಿಂದ ರಕ್ತಪರೀಕ್ಷೆಯಿಂದ ಅದನ್ನು ಗುರುತಿಸಬಹುದಾಯಿತು. 1970ರ ದಶಕದಲ್ಲಿ ಸಾಕಣೆಗಾರರು ಶ್ರದ್ಧೆಯಿಂದ ಪರೀಕ್ಷೆ ನಡೆಸಿ ವಾಹಕಗಳನ್ನು ಸಂತಾನೋತ್ಪತ್ತಿಯಿಂದ ಕೈಬಿಟ್ಟರು. ರೋಗವೇನೋ ಇಳಿಯಿತು. ಆದರೆ ಲೆಕ್ಕವನ್ನು ಮತ್ತೊಮ್ಮೆ ನೋಡಿ. ದೋಷದ ಪ್ರಮಾಣ 10ಕ್ಕೆ 1 ಇರುವಲ್ಲಿ ರೋಗಿ 100ಕ್ಕೆ 1 ಆದರೆ ವಾಹಕಗಳು 100ಕ್ಕೆ 18. ಅವನ್ನೆಲ್ಲ ದೂರವಿಟ್ಟರೆ ಒಂದು ಕೆಟ್ಟ ವಂಶವಾಹಿಯ ಜೊತೆಗೆ ಅವುಗಳಲ್ಲಿದ್ದ ಸಾವಿರಾರು ಒಳ್ಳೆಯ ವಂಶವಾಹಿಗಳೂ ಹೊರಟುಹೋಗುತ್ತವೆ. ಚಿಕ್ಕದಾಗಿದ್ದ ಹಿಡಿ ಇನ್ನೂ ಚಿಕ್ಕದಾಗುತ್ತದೆ.

ಅದೇ ದಶಕದಲ್ಲಿ ಎರಡನೆಯ ರೋಗ ತಲೆದೋರಿತು. ಬಸೆಂಜಿಗಳಲ್ಲಿ ಫ್ಯಾಂಕೋನಿ ರೋಗವಿರುವುದು 1976ರಲ್ಲಿ ವರದಿಯಾಯಿತು. ಮೂತ್ರಪಿಂಡದ ಸೂಕ್ಷ್ಮನಾಳಗಳು ಸಕ್ಕರೆ, ಅಮೈನೋ ಆಮ್ಲ, ಲವಣಗಳನ್ನು ರಕ್ತಕ್ಕೆ ಮರಳಿಸಲಾರದೆ ಮೂತ್ರದಲ್ಲಿ ಹೊರಕ್ಕೆ ಬಿಡುವುದು ಈ ರೋಗದ ಸ್ವರೂಪ. ನಾಯಿಗೆ ತೀರದ ಬಾಯಾರಿಕೆ, ದಿನದಿನಕ್ಕೆ ಸೊರಗುವಿಕೆ. ಇದು ಸಾಮಾನ್ಯವಾಗಿ ಕಾಣಿಸುವುದು ನಾಲ್ಕರಿಂದ ಎಂಟು ವರ್ಷದ ಪ್ರಾಯದಲ್ಲಿ. ಅಷ್ಟರಲ್ಲಿ ಆ ನಾಯಿ ಹಲವು ಮರಿಗಳಿಗೆ ತಾಯಿಯೋ ತಂದೆಯೋ ಆಗಿರುತ್ತದೆ! ಯಾವುದು ಬಿತ್ತನೆಗೆ ಯೋಗ್ಯ, ಯಾವುದು ಅಲ್ಲ ಎಂದು ಹೊರಗಿನಿಂದ ನೋಡಿ ಆರಿಸುವ ಮಾರ್ಗವೇ ಇರಲಿಲ್ಲ.

ತೆರೆದ ಬಾಗಿಲು

ಪರಿಹಾರ ಎರಡು ದಿಕ್ಕುಗಳಿಂದ ಬಂದಿತು. ಮೊದಲನೆಯದು ತವರಿನಿಂದ. 1959ರಲ್ಲಿಯೇ ವೆರೋನಿಕ ಟ್ಯೂಡರ್-ವಿಲಿಯಮ್ಸ್ ಎಂಬ ಇಂಗ್ಲಿಷ್ ಮಹಿಳೆ ಇಂದಿನ ದಕ್ಷಿಣ ಸೂಡಾನಿಗೆ ಹೋಗಿ ಫುಲಾ ಎಂಬ ಹೆಣ್ಣುನಾಯಿಯನ್ನು ತಂದು ತಳಿಗೆ ಸೇರಿಸಿದ್ದರು. 1987 ಮತ್ತು 1988ರಲ್ಲಿ ಅಮೆರಿಕದ ಸಾಕಣೆಗಾರರು ಆಗ ಜೈರ್ ಎನಿಸಿಕೊಂಡಿದ್ದ ಕಾಂಗೋ ದೇಶದ ಹಳ್ಳಿಗಳನ್ನು ಸುತ್ತಿ ಹೊಸ ನಾಯಿಗಳನ್ನು ಕರೆತಂದರು. 1990ರಲ್ಲಿ ಕೆನಲ್ ಕ್ಲಬ್ ಮುಚ್ಚಿದ ಪುಸ್ತಕವನ್ನು ತೆರೆದು ಅಂತಹ 14 ನಾಯಿಗಳನ್ನು ಸೇರಿಸಿಕೊಂಡಿತು. ಹುಲಿಪಟ್ಟೆಯ ಬಣ್ಣವೂ ಅವುಗಳೊಂದಿಗೆ ಅಮೆರಿಕದ ಬಸೆಂಜಿಗಳಿಗೆ ಬಂದಿತು.

ಎರಡನೆಯದು ಪ್ರಯೋಗಶಾಲೆಯಿಂದ. 2007ರಲ್ಲಿ ಫ್ಯಾಂಕೋನಿ ದೋಷದ ಸಮೀಪದ ಗುರುತನ್ನು ಹಿಡಿದು ಊಹಿಸುವ ಪರೀಕ್ಷೆಯೂ, 2011ರಲ್ಲಿ ದೋಷವನ್ನೇ ನೇರವಾಗಿ ತೋರಿಸುವ ಡಿಎನ್‌ಎ ಪರೀಕ್ಷೆಯೂ ದೊರೆತವು. ಇದರ ಪ್ರಯೋಜನ ವಾಹಕಗಳನ್ನು ಹೊರಹಾಕುವುದರಲ್ಲಿಲ್ಲ, ಉಳಿಸಿಕೊಳ್ಳುವುದರಲ್ಲಿದೆ. ವಾಹಕವನ್ನು ದೋಷವಿಲ್ಲದ ನಾಯಿಯೊಡನೆ ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಅರ್ಧ ವಾಹಕಗಳಾಗುತ್ತವೆಯೇ ಹೊರತು ಒಂದಕ್ಕೂ ರೋಗ ಬಾರದು. ಹೀಗೆ ಇತರ ಒಳ್ಳೆಯ ಗುಣಗಳನ್ನು ಕಳೆದುಕೊಳ್ಳದೆ, ಕೆಲವು ಪೀಳಿಗೆಗಳಲ್ಲಿ ದೋಷವನ್ನು ಮೆಲ್ಲಗೆ ಸೋಸಿ ತೆಗೆಯಬಹುದು. ಮೊದಲ ರೋಗದ ಕಾಲದಲ್ಲಿ ಅವಸರದಿಂದ ಆದ ನಷ್ಟ ಎರಡನೆಯದರಲ್ಲಿ ಆಗಬೇಕಾಗಿಲ್ಲ.

ಬಸೆಂಜಿಯ ಈ ಕಥೆ ನಾಯಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಮೃಗಾಲಯದಲ್ಲಿ ಉಳಿಸಿಕೊಂಡ ಅಪರೂಪದ ಪ್ರಾಣಿಗೂ, ಕೆಲವೇ ಕಾಳುಗಳಿಂದ ಬೆಳೆಸಿದ ಬೆಳೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಎಷ್ಟು ಜೀವಿಗಳಿವೆ ಎಂದು ಕೇಳಿದರೆ ಸಾಲದು; ಅವು ಎಷ್ಟು ಮೂಲಗಳಿಂದ ಬಂದುವು ಎಂದೂ ಕೇಳಬೇಕು. ಹಿಡಿ ಖಾಲಿಯಾಗುವ ಮುನ್ನ ಮರಳಿ ಹೋಗಲು ಕಣಜವೊಂದು ಉಳಿದಿರಬೇಕು. ಕಾಂಗೋ ಸೀಮೆಯ ಹಳ್ಳಿಗಳಲ್ಲಿ, ಯಾವ ಪುಸ್ತಕದಲ್ಲೂ ಹೆಸರಿಲ್ಲದೆ ಬೇಟೆಯಾಡಿಕೊಂಡಿದ್ದ ನಾಯಿಗಳೇ ಬಸೆಂಜಿಯ ಪಾಲಿಗೆ ಆ ಕಣಜವಾದವು.